ಚೀನಾದಲ್ಲಿ ನೆಗಡಿಗೆ "ಬರೀ ಗಿಡಮೂಲಿಕೆ" ಅಂತ ಕೊಟ್ಟರೆ ನಂಬಬೇಡಿ

ಗುವಾಂಗ್‌ಝೌ, ಶೆನ್‌ಝೆನ್ ಕಡೆ ಇರುವ ಕನ್ನಡದವರು, ಅದರಲ್ಲೂ ಊರಿಂದ ಹಿರಿಯರನ್ನ ಕರೆಸಿಕೊಂಡಿರುವವರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾಲ್ಕು ದಿನ ಆಯ್ತು, ನನಗಿನ್ನೂ ಸಿಟ್ಟು ಇಳಿದಿಲ್ಲ.

ಅತ್ತೆ ಶಿವಮೊಗ್ಗದಿಂದ ಬಂದು ಎರಡು ವಾರ. ನೆಗಡಿ, ಮೈಕೈ ನೋವು, ಜ್ವರ. ತಾವೇ ತಂದಿದ್ದ ಡೋಲೋ 650 ಆರು ಗಂಟೆಗೊಂದು ತಗೋತಿದ್ರು. ಕಷಾಯ ಮಾಡೋಣ ಅಂದ್ರೆ ತುಳಸಿ ಸಿಗಲಿಲ್ಲ. ಮನೆ ಕೆಳಗಿನ ಔಷಧದಂಗಡಿಗೆ ನಾನೇ ಹೋದೆ. "ಜ್ವರದ ಮಾತ್ರೆ ಆಗಲೇ ತಗೋತಿದ್ದಾರೆ, ಬರೀ ಗಿಡಮೂಲಿಕೆಯದ್ದು ಕೊಡಿ" ಅಂತ ಬಾಯಲ್ಲೂ ಹೇಳಿದೆ, ಫೋನಲ್ಲಿ ಅನುವಾದ ಮಾಡಿಯೂ ತೋರಿಸಿದೆ.

ಬಿಳಿ ಕೋಟು ಹಾಕಿದ್ದ ಹೆಂಗಸು ಎರಡು ಡಬ್ಬಿ ಮುಂದಿಟ್ಟಳು. ಗಾನ್‌ಮಾವೋಲಿಂಗ್ ಪುಡಿ, ವಿಟಮಿನ್ ಸಿ ಸೇರಿಸಿದ ಯಿನ್‌ಚ್ಯಾವೋ ಮಾತ್ರೆ. "ಝೋಂಗ್‌ಯಾವೋ" ಅಂದಳು, ಅಂದ್ರೆ ಚೀನೀ ಔಷಧ. ಪರವಾನಗಿ ಸಂಖ್ಯೆಯ 'ಝಡ್' ಅಕ್ಷರದ ಮೇಲೆ ಬೆರಳಿಟ್ಟೂ ತೋರಿಸಿದಳು. ಝಡ್ ಇದ್ರೆ ಚೀನೀ ಔಷಧ, ಎಚ್ ಇದ್ರೆ ರಾಸಾಯನಿಕ, ಇದು ನನಗೂ ಗೊತ್ತಿತ್ತು. ಆ ಝಡ್ ನೋಡಿಯೇ ನಾನು ನಂಬಿದ್ದು!

"ಹೂವು, ಬೇರು ಅಷ್ಟೇ ಅತ್ತೆ, ನಮ್ಮ ಕಷಾಯದ ಹಾಗೇ" ಅಂತ ನನ್ನ ಕೈಯಾರೆ ಬಿಸಿನೀರಲ್ಲಿ ಕಲಸಿ ಕೊಟ್ಟೆ. ದಿನಕ್ಕೆ 3 ಪೊಟ್ಟಣ, 6 ಮಾತ್ರೆ. ಎರಡನೇ ದಿನ ಊಟಕ್ಕೆ ಕೂತಲ್ಲೇ ತೂಕಡಿಕೆ. ಬಾಯಿ ಒಣಗುತ್ತೆ ಅಂದ್ರು. ರಾತ್ರಿ ಬಚ್ಚಲಿಗೆ ಹೋಗುವಾಗ ತೂರಾಡಿ ಗೋಡೆ ಹಿಡ್ಕೊಂಡ್ರು. ನಮ್ಮನೆಯವರಿಗೆ ಅನುಮಾನ ಬಂದು ಡಬ್ಬಿಯ ಸಣ್ಣ ಅಕ್ಷರಗಳ ಮೇಲೆ ಫೋನ್ ಹಿಡಿದ್ರು. ಕಾಡು ಸೇವಂತಿಗೆ, ಪುದೀನಾ ಎಣ್ಣೆ, ಅದರ ಮುಂದೆ ಕೆಫೀನ್, ಕ್ಲೋರ್‌ಫೆನಿರಮೈನ್, ಪ್ಯಾರಾಸಿಟಮಾಲ್. ಪ್ಯಾರಾಸಿಟಮಾಲ್! ಡೋಲೋದಲ್ಲಿರೋದೂ ಅದೇ ತಾನೆ! ಇನ್ನೊಂದು ಡಬ್ಬೀಲೂ ಅದೇ ಇತ್ತು, ನಿದ್ದೆ ಬರಿಸೋ ಕ್ಲೋರ್‌ಫೆನಿರಮೈನ್ ಕೂಡ ಇತ್ತು.

ಕೂತು ಲೆಕ್ಕ ಹಾಕಿದ್ವಿ. ದಿನಕ್ಕೆ ಡೋಲೋದಿಂದ 2600 ಮಿಲಿಗ್ರಾಂ, ಪುಡಿಯಿಂದ 600, ಮಾತ್ರೆಯಿಂದ 630. ಒಟ್ಟು 3830. ದೊಡ್ಡವರಿಗೇ ದಿನಕ್ಕೆ 4000 ದಾಟಬಾರದು, ದಾಟಿದ್ರೆ ಲಿವರ್‌ಗೆ ಪೆಟ್ಟು. ಇವರಿಗೆ 68 ವರ್ಷ. ಇನ್ನೊಂದು ಡೋಲೋ ನುಂಗಿದ್ರೆ ಅದೂ ದಾಟಿಬಿಡ್ತಿತ್ತು. ಅತ್ತೆ ಬೈಯಲಿಲ್ಲ. "ನೀನು ಕೊಟ್ಟಿದ್ದಲ್ವೇನೇ, ಅದಕ್ಕೇ ಕೇಳಲಿಲ್ಲ" ಅಂದ್ರು. ಅವರ ಮುಖ ನೋಡೋಕೆ ಆಗಲಿಲ್ಲ ನನಗೆ.

ಬೆಳಗ್ಗೆ ಅಂಗಡಿಗೆ ಹೋಗಿ ಕೇಳಿದೆ, ಇದರಲ್ಲಿ ಇಂಗ್ಲಿಷ್ ಔಷಧಿ ಇದೆಯಲ್ಲ?

"ಇದೆ. ಡಬ್ಬಿ ಮೇಲೆ ಬರೆದಿದೆಯಲ್ಲ."

ನಾನು ಕೇಳಿದ್ದೇ ಅದನ್ನಲ್ವಾ?

"ನೀವು ಚೀನೀ ಔಷಧ ಕೇಳಿದ್ರಿ. ಇದು ಚೀನೀ ಔಷಧಾನೇ. ಎಲ್ಲರೂ ಇದನ್ನೇ ತಗೊಳ್ಳೋದು."

ಜ್ವರದ ಮಾತ್ರೆ ತಗೋತಿದ್ದಾರೆ ಅಂತ ಮೊದಲೇ ಹೇಳಿದ್ದೆನಲ್ಲ ಅಂದ್ರೆ, "ಬಿಸಿನೀರು ಜಾಸ್ತಿ ಕುಡಿಸಿ" ಅಂದಳು! ಡಬ್ಬಿ ತೆರೆದಾಗಿದೆ, ದುಡ್ಡು ವಾಪಸ್ ಇಲ್ಲ ಅಂತಲೂ ಹೇಳಿದಳು. ದುಡ್ಡು ಯಾರಿಗೆ ಬೇಕಿತ್ತು? ಒಂದು ಮಾತು, "ತಪ್ಪಾಯ್ತು" ಅಂತ ಒಂದೇ ಒಂದು ಮಾತು ಬರಲಿಲ್ಲ ಅವಳ ಬಾಯಿಂದ.

ಮೂಲಿಕೆಗಳ ಮೇಲೆ ನನಗೆ ಸಿಟ್ಟಿಲ್ಲ. ವೂ ಜುತೋಂಗ್ ಅನ್ನೋ ವೈದ್ಯರು 1798ರಲ್ಲಿ ಬರೆದಿಟ್ಟ ಯಿನ್‌ಚ್ಯಾವೋ ಅನ್ನೋ ಮೂಲಿಕೆ ಔಷಧದಲ್ಲಿ ಪ್ಯಾರಾಸಿಟಮಾಲ್ ಎಲ್ಲಿಂದ ಬರಬೇಕು? ಈಗಲೂ ಅದು ಬೆರೆಸದ ಯಿನ್‌ಚ್ಯಾವೋ ಮಾತ್ರೆ ಸಿಗುತ್ತೆ. ಆದರೆ ಎರಡರ ಹೆಸರೂ ಹೆಚ್ಚುಕಮ್ಮಿ ಒಂದೇ, ಹೆಸರಿನ ಶುರುವಲ್ಲಿ "ವಿಟಮಿನ್ ಸಿ" ಅಂತ ಸೇರಿದ್ರೆ ಒಳಗಿರೋದೇ ಬೇರೆ.

"ಗಿಡಮೂಲಿಕೆಯಾ" ಅಂತ ಕೇಳಲೇಬೇಡಿ, ಹೌದು ಅಂತಾರೆ. "ಇದರೊಳಗೆ ಶೀಯಾವೋ ಇದೆಯಾ" ಅಂತ ಕೇಳಿ, ಶೀಯಾವೋ ಅಂದ್ರೆ ಪಾಶ್ಚಾತ್ಯ ಔಷಧ. ದುಡ್ಡು ಕೊಡೋ ಮುಂಚೆ ಅಲ್ಲೇ ನಿಂತು ಪದಾರ್ಥಗಳ ಸಾಲನ್ನ ಅನುವಾದ ಮಾಡಿ ಓದಿ. ದುಯ್ ಯೀಶ್ಯೆನ್ ಆನ್‌ಜೀಫೆನ್ ಅಂತ ಇದ್ರೆ ಅದೇ ಪ್ಯಾರಾಸಿಟಮಾಲ್, ಡೋಲೋ ಜೊತೆ ಕೊಡಬೇಡಿ.

ಅತ್ತೆಗೆ ರಕ್ತ ಪರೀಕ್ಷೆ ಮಾಡಿಸಿದ್ವಿ, ಲಿವರ್ ಸರಿಯಾಗಿದೆ. ನಿಮ್ಮ ಮನೇಲೂ ಈ ಡಬ್ಬಿಗಳು ಇದ್ರೆ ಇವತ್ತೇ ತೆಗೆದು ನೋಡಿ.