ಟ್ಯಾಟೂ ಸೂಜಿ: ಕಾರ್ಟ್ರಿಜ್ ಒಳ್ಳೆಯದಾ, ಬಾರ್ ಸೂಜಿಯಾ?

ಟ್ಯಾಟೂ ಸೂಜಿಗಳಲ್ಲಿ ಎರಡು ಬಗೆ ಜಾಸ್ತಿ ಬಳಕೆಯಲ್ಲಿವೆ. ಉದ್ದನೆಯ ಕಡ್ಡಿಯ ತುದಿಗೆ ಬೆಸುಗೆ ಹಾಕಿದ ಬಾರ್ ಸೂಜಿ ಒಂದು. ಪ್ಲಾಸ್ಟಿಕ್ ಗೂಡಿನೊಳಗೆ ಕೂತಿರುವ ಕಾರ್ಟ್ರಿಜ್ ಇನ್ನೊಂದು. ಯಾವುದೇ ಆದರೂ ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ನಿಜವಾದ ವ್ಯತ್ಯಾಸ ಇರುವುದು ಸೂಜಿಯ ಸುತ್ತ. ಬಾರ್ ಸೂಜಿ ಒಂದು ಟ್ಯೂಬಿನೊಳಗೆ ಓಡಾಡುತ್ತದೆ. ಆ ಟ್ಯೂಬ್ ಸ್ಟೀಲಿನದಾದರೆ ಅದನ್ನು ಮತ್ತೆ ಬಳಸುತ್ತಾರೆ. ಹಾಗಾಗಿ ಉಜ್ಜಿ ತೊಳೆದು, ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಬಿಸಿಯ ಹಬೆ ಕೊಡಬೇಕು. ಸುಮ್ನೆ ನೀರಲ್ಲಿ ಕುದಿಸಿದರೆ ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದೊಳಗೆ ಬಿಸಿ ತಡೆದುಕೊಳ್ಳುವ ರೂಪಗಳು, ಉಳಿದುಬಿಡಬಹುದು. ಯುವಿ (ಅತಿನೇರಳೆ) ಬೆಳಕಿನ ಪೆಟ್ಟಿಗೆಯೂ ಇದಕ್ಕೆ ಸಾಲದು. ಆಟೋಕ್ಲೇವ್ ಇದೆ ಅಂದರೆ ಸಾಕಾಗಲ್ಲ, ಅದರಲ್ಲಿ ಸ್ಪೋರ್‌ಗಳು ನಿಜಕ್ಕೂ ಸಾಯುತ್ತವಾ ಎಂದು ನೋಡುವ ಸ್ಪೋರ್ ಟೆಸ್ಟ್‌ನ ದಾಖಲೆ ತೋರಿಸಿ ಅನ್ನಿ. ಮುಜುಗರ ಬೇಡ, ಚರ್ಮ ನಿಮ್ಮದು ಅಲ್ವಾ?

ಕಾರ್ಟ್ರಿಜ್‌ಗೆ ಈ ತೊಳೆಯುವ ತಲೆನೋವಿಲ್ಲ. ಕೆಲಸ ಮುಗಿದರೆ ಇಡೀ ಗೂಡೇ ಸೂಜಿ ಹಾಕುವ ಗಟ್ಟಿ ಡಬ್ಬಿಗೆ. ಆದರೆ ಒಳಗೆ ಮೆಂಬ್ರೇನ್, ಅಂದರೆ ದ್ರವ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪೊರೆ, ಇರಲೇಬೇಕು. ಇಲ್ಲದಿದ್ದರೆ ಶಾಯಿ, ರಕ್ತ ಹಿಂದಕ್ಕೆ ಹರಿದು ಮಷೀನ್ ಸೇರಬಹುದು. ಮೋಟರ್ ಇರುವ ಮಷೀನನ್ನು ಸಾಮಾನ್ಯವಾಗಿ ಆಟೋಕ್ಲೇವ್‌ಗೆ ಹಾಕಲಾಗದು.

ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಮೆಂಬ್ರೇನ್ ಇರುವ ಕಾರ್ಟ್ರಿಜ್ ಸರಿ. ಬಾರ್ ಸೂಜಿಯೇ ಆದರೆ ಬಿಸಾಡುವ ಟ್ಯೂಬ್ ಇರಲಿ. ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಲಿ. ಅದಕ್ಕೂ ಮೊದಲು ಸೀಲ್, ಎಕ್ಸ್‌ಪೈರಿ ದಿನಾಂಕ, ಲಾಟ್ ನಂಬರ್ ನೋಡಿಕೊಳ್ಳಿ.