ಹಗ್ಗ-ತೂಕವೋ, ಎಲೆಕ್ಟ್ರಾನಿಕ್ ಲೆಟ್‌ಆಫೋ: ಒಂದೇ ಹಾಸಿನ ಮೇಲೆ ಎರಡೂ

ಮೊದಲೇ ಹೇಳಿಬಿಡುತ್ತೇನೆ: ತಿಂಗಳಿಗೆ ಎರಡು ಮೂರು ಸಲ ಬಟ್ಟೆ ಬದಲಾಗುವ ಮಗ್ಗಕ್ಕೆ ಎಲೆಕ್ಟ್ರಾನಿಕ್ ಲೆಟ್‌ಆಫ್ (ಬೀಮಿನಿಂದ, ಅಂದರೆ ಹಾಸಿನ ಎಳೆ ಸುತ್ತಿದ ಉರುಳೆಯಿಂದ, ಬಿಗಿ ನೋಡಿಕೊಂಡು ಎಳೆ ಬಿಡುವ ಸಾಧನ) ಹಾಕಿಸಿದ ದುಡ್ಡು ವ್ಯರ್ಥವಾಗಿಲ್ಲ. ಇನ್ನು ಹಗ್ಗ ಸುತ್ತಿ ತೂಕದಿಂದ ಬೀಮನ್ನು ತಡೆಯುವ ಹಳೆಯ ಹಗ್ಗ-ತೂಕಕ್ಕೆ ಮರಳುವುದಿಲ್ಲ. ಆದರೆ ಪರದೆಯ ಮೇಲೆ ಕಾಣುವ ಅಂಕಿಯೇ ಎಳೆಯ ಬಿಗಿ ಎಂದು ನಂಬಿ ಕೂತರೆ ಬೀಮಿನ ಕೊನೆಯ ಭಾಗದಲ್ಲಿ ಬಟ್ಟೆ ಕೆಡುತ್ತದೆ. ಈ ಬರಹದ ಹೆಚ್ಚಿನ ಪಾಲು ಆ ತೊಡಕಿನ ಬಗ್ಗೆಯೇ.

ಎರಡಕ್ಕೂ ಹಾಕಿದ್ದು ಒಂದೇ ಹಾಸು (ಉದ್ದಕ್ಕೆ ಓಡುವ ಎಳೆಗಳು): 40ರ ಕೌಂಟಿನ (ನೂಲು ಎಷ್ಟು ಸಣ್ಣ ಎಂಬ ಅಳತೆ) ಹತ್ತಿ ನೂಲು, 4,000 ಎಳೆ. ಮೊದಲು ಪ್ಲೇನ್ (ಎಳೆ ಪ್ರತಿ ಸಲವೂ ಮೇಲೆ-ಕೆಳಗೆ ದಾಟುವ ಸಾದಾ ನೇಯ್ಗೆ), ಆಮೇಲೆ ಐದೆಳೆ ಸ್ಯಾಟಿನ್ (ಎಳೆ ಅಪರೂಪಕ್ಕೆ ದಾಟುವ ನೇಯ್ಗೆ). ಬೀಮಿನ ವ್ಯಾಸ ತುಂಬಿದಾಗ 45 ಸೆಂ.ಮೀ., ಮುಗಿಯುವಾಗ 15. ಶುರುವಿಗೆ ಹಳೆಯ ಲೆಕ್ಕವೇ ಸಾಕು: ಎಳೆಗಳ ಸಂಖ್ಯೆಯನ್ನು ಕೌಂಟಿನಿಂದ ಭಾಗಿಸಿದರೆ 100 ಕಿಲೋ, ಅಂದರೆ ಎಳೆಗೆ 25 ಗ್ರಾಂ. ಅಲ್ಲಿಂದ ಮುಂದೆ ಬಟ್ಟೆ ನೋಡಿಕೊಂಡು ಹೆಚ್ಚುಕಮ್ಮಿ ಮಾಡಬೇಕು.

ಹಗ್ಗ-ತೂಕದ ದೋಷ ಎಲ್ಲರಿಗೂ ಗೊತ್ತಿರುವುದೇ. ಹಗ್ಗ ಬೀಮಿನ ತುದಿಯ ಡ್ರಮ್ಮನ್ನು ಹಿಡಿದುಕೊಳ್ಳುವ ಬಲ ಬದಲಾಗುವುದಿಲ್ಲ, ಬೀಮಿನ ತ್ರಿಜ್ಯ ಮಾತ್ರ ಕರಗುತ್ತಾ ಹೋಗುತ್ತದೆ. ತೂಕ ಮುಟ್ಟದೆ ಬಿಟ್ಟರೆ 25 ಗ್ರಾಂ ಇದ್ದ ಬಿಗಿ ಕೊನೆಗೆ 75 ಗ್ರಾಂ. ಹಾಗಾಗಿ ಬೀಮ್ ಇಳಿದಂತೆಲ್ಲ ತೂಕವನ್ನು ಸನ್ನೆಯ ಮೇಲೆ ಒಳಕ್ಕೆ ಸರಿಸುತ್ತಿರಬೇಕು, ಅದೂ ಎರಡೂ ಬದಿಗೆ ಸಮನಾಗಿ. ಡ್ರಮ್ಮಿನ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಆ ಬದಿಯ ಹಿಡಿತ ಹೋಯಿತು. ಗಾಳಿಯ ತೇವ ಬದಲಾದರೂ ಹಗ್ಗದ ಹಿಡಿತ ಬದಲಾಗುತ್ತದೆ. ಮಗ್ಗ ನಿಂತು ಮತ್ತೆ ಹೊರಟಾಗ ಹಗ್ಗ ಮೊದಲು ಅಂಟಿಕೊಂಡಿದ್ದು ಆಮೇಲೆ ಜಾರುವುದರಿಂದ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಎರಡು ಮೂರು ಪಿಕ್ (ಹೊಕ್ಕಿನ ಒಂದೊಂದು ಅಡ್ಡ ಎಳೆ) ಬಿಚ್ಚಿ, ಬೀಮನ್ನು ಕೈಯಲ್ಲಿ ತಿರುಗಿಸಿ ಹೊರಡಿಸಬೇಕು. ಎಲೆಕ್ಟ್ರಾನಿಕ್‌ನಲ್ಲಿ ಆ ತಿದ್ದುಪಡಿಯನ್ನು ಅಂಕಿಯಲ್ಲಿ ಕೊಟ್ಟುಬಿಡಬಹುದು.

ಇನ್ನು ಆ ತೊಡಕು. ಸೆನ್ಸರ್ ಕೂತಿರುವುದು ಬ್ಯಾಕ್‌ರೆಸ್ಟಿನ (ಬೀಮಿನಿಂದ ಬಂದ ಎಳೆ ಮುಂದಕ್ಕೆ ತಿರುಗುವ ಹಿಂದಿನ ದಂಡ) ಕೆಳಗೆ. ಅದು ಅಳೆಯುವುದು ಎಳೆಯ ಬಿಗಿಯನ್ನಲ್ಲ, ಎಳೆಗಳು ಬ್ಯಾಕ್‌ರೆಸ್ಟನ್ನು ಒತ್ತುವ ಬಲವನ್ನು. ಎಳೆ ಅಲ್ಲಿ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದರ ಮೇಲೆ ಆ ಒತ್ತು ನಿಂತಿದೆ. ಬ್ಯಾಕ್‌ರೆಸ್ಟಿನ ನೇರ ಕೆಳಗೆ 60 ಸೆಂ.ಮೀ. ದೂರದಲ್ಲಿ ಬೀಮಿನ ನಡು ಇದ್ದು, ಎಳೆ ಬೀಮಿನ ಹಿಂಬದಿಯಿಂದ ಬಿಚ್ಚಿಕೊಳ್ಳುತ್ತದೆ ಎನ್ನಿ. ಬೀಮ್ ತುಂಬಿದ್ದಾಗ ತಿರುವು ಸುಮಾರು 68 ಡಿಗ್ರಿ, ಒತ್ತು ಬಿಗಿಯ 1.12 ಪಟ್ಟು. ಮುಗಿಯುವಾಗ ತಿರುವು 83 ಡಿಗ್ರಿ, ಒತ್ತು 1.32 ಪಟ್ಟು. ಎಳೆಯ ಬಿಗಿ ಬದಲಾಗದಿದ್ದರೂ ಒತ್ತು ಏರಿದ್ದರಿಂದ, ಬಿಗಿಯೇ ಹೆಚ್ಚಾಗಿದೆ ಎಂದುಕೊಂಡ ಯಂತ್ರ ಹಾಸನ್ನು ಬಿಡುತ್ತಾ ಹೋಗುತ್ತದೆ. ಪರದೆಯ ಮೇಲೆ ಮೊದಲಿನ ಅಂಕಿಯೇ ನಿಂತಿರುತ್ತದೆ, ಎಳೆಯಲ್ಲಿ ಸುಮಾರು ಶೇ 15ರಷ್ಟು ಬಿಗಿ ಕಡಿಮೆಯಾಗಿರುತ್ತದೆ. ದಟ್ಟ ಪ್ಲೇನ್ ಬಟ್ಟೆಯಲ್ಲಿ ಇದು ತಕ್ಷಣ ಗೊತ್ತಾಗುತ್ತದೆ: ರೀಡ್ (ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆ) ಬಡಿದಾಗ ಕೊನೆಯ ಪಿಕ್ ಕೂತ ಗೆರೆ ಮುಂದಕ್ಕೆ ಜರಗಿ ಹಿಂದಕ್ಕೆ ಬರುತ್ತದೆ. ಬೆರಳಿಟ್ಟರೆ ಬಟ್ಟೆ ಕುಪ್ಪಳಿಸುವುದು ತಿಳಿಯುತ್ತದೆ.

ಪಕ್ಕಾ ಪರಿಹಾರ ಎಂದರೆ ಬೀಮ್ ಮತ್ತು ಬ್ಯಾಕ್‌ರೆಸ್ಟಿನ ನಡುವೆ ಜರುಗದ ಒಂದು ರೋಲರ್. ಆಗ ಬೀಮ್ ಎಷ್ಟೇ ಕರಗಿದರೂ ತಿರುವು ಬದಲಾಗುವುದಿಲ್ಲ. ಅದಿಲ್ಲದ ಮಗ್ಗದಲ್ಲಿ ಹೀಲ್ಡ್‌ಗಳು (ಎಳೆಗಳನ್ನು ಎತ್ತಿ ಇಳಿಸುವ ಚೌಕಟ್ಟುಗಳು) ಸಮನಾಗಿರುವಂತೆ ನಿಲ್ಲಿಸಿ, ಬ್ಯಾಕ್‌ರೆಸ್ಟಿಗೂ ಡ್ರಾಪರ್‌ಗೂ (ಎಳೆ ಕಡಿದಾಗ ಬಿದ್ದು ಮಗ್ಗ ನಿಲ್ಲಿಸುವ ತಗಡು) ನಡುವೆ ಬಿಗಿ ಅಳೆಯುವ ಕೈ ಮೀಟರ್ ಹಿಡಿದು ಎಡ, ನಡು, ಬಲ ಮೂರು ಕಡೆ ಅಳೆಯಬೇಕು. ಬೀಮ್ ತುಂಬಿದ್ದಾಗ ಒಮ್ಮೆ, ಅರ್ಧಕ್ಕೆ ಬಂದಾಗ ಒಮ್ಮೆ, ಮುಗಿಯುವ ಮುಂಚೆ ಒಮ್ಮೆ. ಬಿಗಿ ಇಳಿದಷ್ಟು ಅಂಕಿ ಏರಿಸಿದರೆ ಆಯಿತು.

ಸೆನ್ಸರ್ ಕೊಡುವುದು ಸರಾಸರಿ ಎನ್ನುವುದೂ ನೆನಪಿರಲಿ. ಪ್ಲೇನ್‌ಗೆ ಬ್ಯಾಕ್‌ರೆಸ್ಟನ್ನು ಎರಡು ಮೂರು ಸೆಂ.ಮೀ. ಎತ್ತಿದರೆ ಶೆಡ್ಡಿನ (ಹೊಕ್ಕು ಹಾಯಲು ಎಳೆಗಳ ನಡುವೆ ತೆರೆಯುವ ಬಾಯಿ) ಕೆಳಗಿನ ಎಳೆಗಳು ಬಿಗಿಯಾಗಿ ಮೇಲಿನವು ಸಡಿಲವಾಗುತ್ತವೆ. ಸಡಿಲ ಎಳೆಗಳು ಪಕ್ಕಕ್ಕೆ ಹರಡಿಕೊಳ್ಳುವುದರಿಂದ ರೀಡಿನ ಗೆರೆ ಮುಚ್ಚಿಹೋಗುತ್ತದೆ, ಹೊಕ್ಕು ಒತ್ತಾಗಿ ಕೂರುತ್ತದೆ. ಪಿಕ್ ಕೂರುತ್ತಿಲ್ಲ ಎಂದಾಗ ಒಟ್ಟು ಬಿಗಿ ಏರಿಸುವ ಮೊದಲು ಇದನ್ನೇ ಮಾಡಬೇಕು, ಎಳೆ ಕಡಿಯುವುದು ಕಡಿಮೆ. ಸ್ಯಾಟಿನ್‌ಗೆ ಬ್ಯಾಕ್‌ರೆಸ್ಟ್ ಮಟ್ಟಕ್ಕೆ ಇಳಿಸಿ. ಅಲ್ಲಿ ಎಳೆ ಐದು ಪಿಕ್‌ಗೆ ಎರಡೇ ಸಲ ದಾಟುವುದರಿಂದ ಬಡಿತಕ್ಕೆ ಅಷ್ಟು ಅಡ್ಡಿಯಿಲ್ಲ, ಬಿಗಿಯೂ ಕಡಿಮೆ ಸಾಕು.

ಪ್ಲೇನ್ ಪಟ್ಟಿ, ಸ್ಯಾಟಿನ್ ಪಟ್ಟಿ ಎರಡನ್ನೂ ಒಂದೇ ಬೀಮಿನಿಂದ ನೇಯುವ ಆಸೆ ಬೇಡ. ಪ್ಲೇನ್ ಎಳೆ ಸುಕ್ಕಿಗೆ (ಹೊಕ್ಕಿನ ಮೇಲೆ-ಕೆಳಗೆ ಬಾಗುವುದಕ್ಕೆ) ಶೇ 8 ತಿಂದು ಸ್ಯಾಟಿನ್ ಎಳೆ ಶೇ 3 ತಿಂದರೆ, 100 ಮೀಟರ್ ಬಟ್ಟೆಗೆ 5 ಮೀಟರ್ ವ್ಯತ್ಯಾಸ. ಆ 5 ಮೀಟರ್ ಜೋಲು ಪೂರ್ತಿ ಸ್ಯಾಟಿನ್ ಎಳೆಗಳಲ್ಲಿ ಸೇರಿಕೊಂಡು ಶೆಡ್ ತೆರೆಯದೆ ಅಂಟುತ್ತದೆ. ಯಾವ ಲೆಟ್‌ಆಫ್ ಆದರೂ ಇದಕ್ಕೆ ಎರಡನೆಯ ಬೀಮೇ ಬೇಕು.

ಶೆಡ್ಡಿನ ಎತ್ತರ ಬೇಕಾಬಿಟ್ಟಿ ಏರಿಸಬೇಡಿ. ಎಳೆ ಹಿಗ್ಗುವುದು ಎತ್ತರದ ವರ್ಗಕ್ಕೆ ತಕ್ಕಂತೆ. ಎತ್ತರ ಕಾಲು ಭಾಗ ಹೆಚ್ಚಾದರೆ ಹಿಗ್ಗು ಶೇ 56 ಹೆಚ್ಚು.

ವರ್ಷವಿಡೀ ಒಂದೇ ಪ್ಲೇನ್ ಬಟ್ಟೆ ನೇಯುವ, ಮಗ್ಗದ ಪಕ್ಕದಲ್ಲೇ ಇದ್ದು ತೂಕ ಸರಿಸುವ ರೂಢಿಯಿರುವವರಿಗೆ ಹಗ್ಗ-ತೂಕವೇ ಸಾಕು. ಉಳಿದ ಹಣವನ್ನು ಕೈ ಮೀಟರಿಗೆ ಹಾಕಲಿ. ಡಾಬಿಯಲ್ಲಿ (ವಿನ್ಯಾಸಕ್ಕೆ ತಕ್ಕಂತೆ ಹೀಲ್ಡ್ ಎತ್ತುವ ಸಾಧನ) ನೇಯ್ಗೆ ಬದಲಿಸುತ್ತಿರುವವರು ಎಲೆಕ್ಟ್ರಾನಿಕ್ ತೆಗೆದುಕೊಳ್ಳುವಾಗ ಆ ರೋಲರನ್ನೂ ಅದೇ ದಿನ ಕೂರಿಸಿಕೊಳ್ಳಲಿ. ಆಮೇಲೆ ಕೂರಿಸಿದರೆ ತಿರುವು ಬದಲಾಗಿ, ಅಲ್ಲಿಯವರೆಗೆ ಬರೆದಿಟ್ಟ ಅಂಕಿಗಳನ್ನೆಲ್ಲ ಹೊಸದಾಗಿ ಅಳೆದುಕೊಳ್ಳಬೇಕಾಗುತ್ತದೆ.