ಕೈಗೆ ಕಡ್ಡಿ ಕೊಟ್ಟು ವಿಟಮಿನ್ ಹೇಳುವವರ ಹತ್ತಿರ ಅಪ್ಪ ಅಮ್ಮನನ್ನು ಕಳಿಸಬೇಡಿ

ಮೈಸೂರಿನಲ್ಲಿ ನಮ್ಮ ಬಡಾವಣೆ ಪಾರ್ಕಿನ ಹತ್ತಿರ ಬ್ಯಾನರ್ ಕಟ್ಟಿದ್ದರು. "ಹಿರಿಯರಿಗೆ ಉಚಿತ ವಿಟಮಿನ್ ತಪಾಸಣೆ, ಡಯಟ್ ಪ್ಲಾನ್." ನಿಮ್ಮ ಕಡೆಯೂ ಕಂಡರೆ ದಯವಿಟ್ಟು ಹೋಗಬೇಡಿ. ಹೋದರೂ ಒಂದು ರೂಪಾಯಿ ಬಿಚ್ಚಬೇಡಿ. ನಮ್ಮ ಮನೆಯಿಂದ 11,800 ಹೋಯಿತು. ದುಡ್ಡು ಹಾಳಾಗಲಿ, ಅಪ್ಪನ ಜೀವಕ್ಕೇ ಕುತ್ತು ಬರುವುದರಲ್ಲಿತ್ತು.

ರಕ್ತ ತೆಗೆಯುವುದೇ ಇಲ್ಲ. ಒಂದು ಲೋಹದ ಕಡ್ಡಿ ಕೈಯಲ್ಲಿ ಹಿಡಿಸುತ್ತಾರೆ, ಅದರ ವೈರು ಲ್ಯಾಪ್‌ಟಾಪಿಗೆ. ವಯಸ್ಸು, ಎತ್ತರ, ತೂಕ ಟೈಪ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ದಪ್ಪನೆ ವರದಿ ಬಂತು, ಎ, ಬಿ, ಸಿ, ಡಿ, ಇ, ಕೆ ಎಲ್ಲಕ್ಕೂ ಪಾಯಿಂಟ್ ಸಮೇತ ಅಂಕಿ. ಬಿಳಿ ಕೋಟು ಹಾಕಿಕೊಂಡ ಹುಡುಗಿ "ಅಜ್ಜಿ, ನಿಮ್ಮ ಬಿ12 ಸೂಪರ್ ಆಗಿದೆ, ಡಿ ಮತ್ತು ಇ ಮಾತ್ರ ತುಂಬಾ ಕಮ್ಮಿ" ಎಂದಳು. ಅಪ್ಪನಿಗೆ ಕೆ ಕಮ್ಮಿಯಂತೆ. ಇಬ್ಬರಿಗೂ ಹಸಿರು ಪುಡಿ, ಮಾತ್ರೆ ಡಬ್ಬ, ಮೂರು ತಿಂಗಳ ಪ್ಯಾಕು.

ಅಮ್ಮ ಸಕ್ಕರೆ ಕಾಯಿಲೆಗೆ ಎಷ್ಟೋ ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ. ಆ ಮಾತ್ರೆ ಬಹಳ ಕಾಲ ತಗೊಂಡರೆ ಬಿ12 ಇಳಿಯಬಹುದು, ಗ್ಯಾಸ್ಟ್ರಿಕ್ ಅಂತ ದಿನಾ ನುಂಗುವ ಪ್ಯಾಂಟೊಪ್ರಝೋಲ್ ಥರದ್ದೂ ಅಷ್ಟೇ. ಬಿ12 ಕಮ್ಮಿಯಾದರೆ ಪಾದ ಜೋಮು ಹಿಡಿಯಬಹುದು, ಅಮ್ಮ ಅದನ್ನೇ ಹೇಳುತ್ತಲೇ ಇದ್ದರು. ಅಲ್ಲಿ ಯಾರೂ ಏನು ಮಾತ್ರೆ ತಗೊಳ್ತೀರಿ ಅಂತ ಕೇಳಲಿಲ್ಲ. ಏನು ತಿಂತೀರಿ ಅಂತಲೂ ಕೇಳಲಿಲ್ಲ! ಊಟವನ್ನೇ ಕೇಳದೆ ಎಂಥಾ ಡಯಟ್ ಪ್ಲಾನು? ಅಪ್ಪನಿಗೆ ಹಲ್ಲಿಲ್ಲ, ಅವರ ಹಾಳೆಯಲ್ಲಿ ಹಸಿ ಮೊಳಕೆ ಕಾಳು, ಬಾದಾಮಿ, ಕಿವಿ ಹಣ್ಣು. ಅಮ್ಮನ ಹಾಳೆಯಲ್ಲೂ ಅದೇ, ಹೆಸರು ಮಾತ್ರ ಬೇರೆ.

ಅನುಮಾನ ಬಂದು ಲ್ಯಾಬಿನಲ್ಲಿ ರಕ್ತ ಕೊಡಿಸಿದೆ. ಅಮ್ಮನ ಬಿ12 148. ಕೆಳಮಿತಿಯೇ 200ರ ಆಸುಪಾಸು. "ಸೂಪರ್ ಆಗಿದೆ" ಅಂದಿದ್ದು ಇದನ್ನೇ!

ವರದಿ ಹಿಡಿದು ಮತ್ತೆ ಹೋದೆ. ಆ ಹುಡುಗಿ ಇರಲಿಲ್ಲ, ಮ್ಯಾನೇಜರ್ ಅಂತೆ ಒಬ್ಬ. "ಸರ್, ಲ್ಯಾಬ್ ರಕ್ತದಲ್ಲಿರೋದನ್ನ ನೋಡುತ್ತೆ, ನಮ್ಮ ಮಷೀನು ಜೀವಕೋಶದ ಒಳಗಿರೋದನ್ನ ನೋಡುತ್ತೆ." ಹಾಗಾದರೆ ಅಮ್ಮನಿಗೆ ಇನ್ನೊಂದು ಸಲ ಮಾಡಿ ಎಂದೆ. ಮಾಡಿದ. ಮೊದಲು ಕಮ್ಮಿ ಇದ್ದ ಇ ಈಗ ಸರಿ, ಸರಿ ಇದ್ದ ಸಿ ಈಗ ಕಮ್ಮಿ. ಇದೇನು ಸ್ವಾಮಿ ಅಂದರೆ "ಅಮ್ಮ ಕಾಫಿ ಕುಡಿದು ಬಂದಿರಬೇಕು ಸರ್" ಅಂತಾನೆ! ಸಾಲಿನಲ್ಲಿದ್ದ ನಾಲ್ಕು ಜನ ನನ್ನನ್ನೇ ಜಗಳಗಂಟನ ಥರ ನೋಡಿದರು. ಆ ಕಾಫಿ ಮಾತು ನೆನೆದರೆ ಈಗಲೂ ಮೈ ಉರಿಯುತ್ತೆ. ದುಡ್ಡು ವಾಪಸ್ ಕೇಳಿದ್ದಕ್ಕೆ "ಸೀಲ್ ಒಡೆದಿದೆಯಲ್ಲ ಸರ್".

ಅಪ್ಪನ ಕಥೆ ಇನ್ನೂ ಕೆಟ್ಟದ್ದು. ಅವರಿಗೆ ಹೃದಯದ ವಾಲ್ವ್ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಅಸಿಟ್ರಾಂ ಕೊಟ್ಟಿದ್ದಾರೆ. ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೇ ಅಡ್ಡ ಬರುತ್ತೆ. ಸೊಪ್ಪಿನಲ್ಲಿ ಕೆ ಜಾಸ್ತಿ. ತಿನ್ನಬಹುದು, ಆದರೆ ದಿನಾ ಹೆಚ್ಚು ಕಮ್ಮಿ ಒಂದೇ ಅಳತೆ ಇರಬೇಕು, ಏಕಾಏಕಿ ಜಾಸ್ತಿ ಮಾಡಬಾರದು. ಆ ಹಸಿರು ಪುಡಿ ಪೂರಾ ಒಣಗಿಸಿದ ಸೊಪ್ಪೇ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಐಎನ್‌ಆರ್ ಅಂಕಿ 2.5ರಿಂದ 3.5 ಇರಬೇಕು ಅಂತ ಡಾಕ್ಟರು ಹೇಳಿದ್ದು, ಬಂದಿದ್ದು 1.6. ಅಂದರೆ ರಕ್ತ ಹೆಪ್ಪುಗಟ್ಟುವ ಅಪಾಯ. ಡಾಕ್ಟರು ಡಬ್ಬ ತಿರುಗಿಸಿ ನೋಡಿ, ನನ್ನನ್ನು ನೋಡಿ, "ನೀವು ಓದಿದವರಲ್ವಾ?" ಎಂದರು. ಹೆಂಡತಿ ಎದುರಿಗೇ.

ಆಮೇಲೆ ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಹೋದೆವು. ಆಕೆ ನಿನ್ನೆ ಬೆಳಗಿನ ಕಾಫಿಯಿಂದ ಶುರು ಮಾಡಿದರು. ಹಾಲು ಎಷ್ಟು, ಮೊಸರು ಎಷ್ಟು ಸಲ, ಸೊಪ್ಪು ಎಷ್ಟು ಹೊತ್ತು ಬೇಯಿಸುತ್ತೀರಿ, ಬಟ್ಟೆ ಸಡಿಲ ಆಗಿದೆಯಾ, ಬಿಸಿಲಿಗೆ ಹೋಗ್ತೀರಾ, ಮಾತ್ರೆ ಚೀಟಿ ಕೊಡಿ. ಬಿ12 ರಾಗಿಯಲ್ಲಿ, ಸೊಪ್ಪಿನಲ್ಲಿ ಸಿಗಲ್ಲ, ಹಾಲು ಮೊಸರು ಮೊಟ್ಟೆ ಮೀನಿನಲ್ಲಿ ಸಿಗುತ್ತೆ, ಆದರೆ ಅಮ್ಮನಿಗೆ ಬರೀ ಊಟದಿಂದ ಸಾಲಲ್ಲ ಅಂತ ಡಾಕ್ಟರಿಗೆ ಬರೆದುಕೊಟ್ಟರು. ಈಗ ಇಂಜೆಕ್ಷನ್ ನಡೀತಿದೆ. ಎ, ಡಿ, ಇ, ಕೆ ಮೈಯಲ್ಲಿ ಶೇಖರ ಆಗುತ್ತವೆ, ಡಿ ಮಿತಿಮೀರಿದರೆ ಕ್ಯಾಲ್ಸಿಯಂ ಏರುತ್ತೆ, ಕಂಡಕಂಡ ಡಬ್ಬ ಸುಮ್ನೆ ನುಂಗಬೇಡಿ ಅಂತಲೂ ಹೇಳಿದರು.

ರಕ್ತ ತೆಗೆಯದೆ ಬಿ12 ಹೇಳುವವರನ್ನು ನಂಬಬೇಡಿ. ಮಾತ್ರೆ ಚೀಟಿ ಕೇಳದವರ ಪ್ಲಾನು ಕಸದ ಬುಟ್ಟಿಗೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವರು ಕೊಟ್ಟ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ವಿಳಾಸವೂ ಇಲ್ಲ, ಬರೀ ಒಂದು ಮೊಬೈಲ್ ನಂಬರು, ಅದೂ ಈಗ ಸ್ವಿಚ್ ಆಫ್. ನಿಮ್ಮಲ್ಲಿ ಯಾರಾದರೂ ಕೊಂಡಿದ್ದರೆ ಡಬ್ಬ, ಬಿಲ್ಲು ಎರಡನ್ನೂ ಬಿಸಾಡಬೇಡಿ, ನೀವೂ ದೂರು ಕೊಡಿ.